ಮುರಿದ ಸ್ಕ್ರೂ

"ಪ್ಲೇಟ್ ಬಾಗಿದೆ, ಸ್ಕ್ರೂ ಮುರಿದಿದೆ." ಕೊಪ್ಪದ ಮೂಳೆ ಡಾಕ್ಟರು ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದು ಹೇಳಿದರು. "ನಾನು ಹೇಳೋವರೆಗೂ ಕಾಲೂರಬೇಡಿ ಅಂದಿದ್ನಲ್ಲ. ಯಾಕಮ್ಮ ನಡೆದ್ರಿ?"

ಊದಿದ ಪಾದವನ್ನು ಮುಂದೆ ಚಾಚಿಕೊಂಡು ಕೂತಿದ್ದ ಅರ್ಪಣಾ ಪಕ್ಕದಲ್ಲಿದ್ದ ಗಂಡ ವಿಘ್ನೇಶನ ಮುಖ ನೋಡಿದಳು. ಬಚ್ಚಲಲ್ಲಿ ಜಾರಿ ಪಾದದ ಗಂಟು ಮುರಿದುಕೊಂಡ ಅವಳಿಗೆ ಇದೇ ಡಾಕ್ಟರು ಆಪರೇಷನ್ ಮಾಡಿ ಪ್ಲೇಟ್ ಕೂರಿಸಿದ್ದರು. ಹೊಲಿಗೆ ಬಿಚ್ಚಿದ ವಾರವೇ ನೆಮ್ಮಾರಿನ ಮನೆಯಲ್ಲಿ ಮಾವನ ತಿಥಿ ಬಂತು. "ಅಡುಗೆಯವ್ರು ಸಿಕ್ಕಲಿಲ್ಲ ಮಾರಾಯ್ತಿ, ಒಂದಿನ ಹ್ಯಾಗಾದ್ರೂ ಸುಧಾರಿಸು" ಎಂದು ವಿಘ್ನೇಶನೇ ಅವಳನ್ನು ಹಾಸಿಗೆಯಿಂದ ಎಬ್ಬಿಸಿದ್ದ. ಭಟ್ಟರ ಊಟ ಮುಗಿಯುವವರೆಗೂ ಅವಳು ಒಲೆಯ ಮುಂದೆ ನಿಂತೇ ಇದ್ದಳು. ವಡೆ ಕರಿಯುವಾಗ ಪಾದದೊಳಗೆ ಏನೋ ಲಟಕ್ಕೆಂದಿತು. ನೋವಿಗೆ ಗೋಡೆಗೊರಗಿದರೆ, "ಇನ್ನೊಂದು ಒಬ್ಬೆ ಕರಿದ್ರೆ ಮುಗೀತು, ಅಷ್ಟೇ" ಎಂದಿದ್ದ.

ಈಗ ಅವನೇ ಹೇಳಲಿ ಎಂದು ಅವಳು ಸುಮ್ಮನೆ ಕಾದಳು. ವಿಘ್ನೇಶ ನಕ್ಕಂತೆ ಮಾಡಿದ. "ಎಷ್ಟು ಹೇಳಿದ್ರೂ ಕೇಳೋದಿಲ್ಲ ಡಾಕ್ಟ್ರೇ. ಸುಮ್ನೆ ಕೂತ್ಕಳೋ ಜನ್ಮವೇ ಅಲ್ಲ ಇವ್ಳದ್ದು."

ಡಾಕ್ಟರು ಅವಳನ್ನೇ ಗದರಿದರು. ಅದೇ ಜಾಗವನ್ನು ಮತ್ತೆ ಕೊಯ್ದು ಮುರಿದದ್ದನ್ನು ತೆಗೆಯಬೇಕು, ಈ ಸಲ ಗಂಟು ಮೊದಲಿನಂತೆ ಮಡಚುವ ಭರವಸೆ ಇಲ್ಲ ಎಂದರು. ಅರ್ಪಣಾ ತಲೆ ತಗ್ಗಿಸಿ ಎಲ್ಲವನ್ನೂ ಕೇಳಿಸಿಕೊಂಡಳು. ಮಾತು ಮುಗಿಯಿತೆಂದುಕೊಂಡ ವಿಘ್ನೇಶ ಅವಳನ್ನು ಎಬ್ಬಿಸಲು ತೋಳು ಚಾಚಿದ. ಅವಳು ಅದನ್ನು ಹಿಡಿಯಲಿಲ್ಲ.

"ನೀವು ಹೊರಗೆ ಕೂತ್ಕಳಿ," ಎಂದಳು. "ಡಾಕ್ಟ್ರ ಹತ್ರ ನಾನು ಮಾತಾಡೋದಿದೆ."