ಗಿಣಿಗೆ ತುಟಿಯಿಲ್ಲ

ತೆರೆಯ ಮೇಲೆ ಗಿಣಿ ಕೊಕ್ಕು ತೆರೆಯಿತು, ಮುಚ್ಚಿತು. ಸ್ಟುಡಿಯೋದವರೆಲ್ಲ ದನಿಯಕ್ಕ ಎಂದೇ ಕರೆಯುವ ಆಕೆ ಮೈಕಿನ ಮುಂದೆ ಸುಮ್ಮನೆ ನಿಂತಿದ್ದಳು.

"ಏನಕ್ಕ, ಗಿಣಿ ಮುಂದೆ ನಾಚ್ಕೊಂಡ್ರಾ?" ಗಾಜಿನ ಆಚೆಯಿಂದ ಸೌಂಡ್ ಎಂಜಿನಿಯರ್ ಕೇಳಿದ.

"ಹಾಳೇಲಿ ಮಾತೇ ಬರೆದಿಲ್ವಲ್ಲಪ್ಪ."

"ಇಲ್ಲ. ನಾಯಕಿ ಮನೆಗೆ ಬರ್ತಾಳೆ, ಗಿಣಿ ಏನೋ ಅನ್ನುತ್ತೆ, ಅವಳು ಅಳ್ತಾಳೆ. ಆ 'ಏನೋ' ಏನು ಅಂತ ನಿರ್ದೇಶಕರಿಗೂ ಗೊತ್ತಿಲ್ಲ, ನಿಮ್ಮಿಷ್ಟ ಅಂದಿದಾರೆ. ತುಟಿ ಕೂಡಿಸೋ ತಾಪತ್ರಯ ಬೇರೆ ಇಲ್ಲ. ಗಿಣಿಗೆ ತುಟಿ ಎಲ್ಲಿದೆ?"

ಮೂವತ್ತು ವರ್ಷ ತುಟಿ ಕೂಡಿಸಿಯೇ ಬದುಕಿದವಳು ಅವಳು. ತೆರೆಯ ಮೇಲಿನ ಸುಂದರಿ ತುಟಿ ಮುಚ್ಚಿದರೆ ಇವಳು ಪ, ಬ, ಮ ಇರುವ ಮಾತು ಹುಡುಕಬೇಕು. ಮುಚ್ಚದಿದ್ದರೆ 'ಅಮ್ಮ' ಎನ್ನುವ ಹಾಗಿಲ್ಲ, 'ತಾಯೀ' ಎನ್ನಬೇಕು. ಇದಕ್ಕೆ ಸಿನಿಮಾದವರು ಕಂಠದಾನ ಎನ್ನುತ್ತಾರೆ. ದಾನ ಮಾಡಿ ಮಾಡಿ ತನಗೆಂದು ಏನು ಉಳಿಯಿತು ಎಂದು ಅವಳು ನೋಡಿಕೊಂಡವಳಲ್ಲ. ಹೋದ ವಾರ ಮಗಳು ಫೋನ್ ಮಾಡಿ, ಗಂಡನ ಮನೆ ಬಿಟ್ಟು ಬೇರೆ ರೂಮು ಹಿಡಿದಿದ್ದೇನೆ ಎಂದಾಗ ಇವಳು ಸಮಾಧಾನ ಹೇಳಲು ಹೊರಟಳು. ಎರಡು ಮಾತಿಗೇ ಮಗಳು ತಡೆದಳು: "ಅಮ್ಮ, ಇದು ಯಾವ ಸಿನಿಮಾದ ದನಿ? ನಿಂದೇ ದನೀಲಿ ಮಾತಾಡೋಕೆ ಬಂದ್ರೆ ಆಗ ಫೋನ್ ಮಾಡು." ಅಂದಿನಿಂದ ಇವಳು ಫೋನ್ ಕೈಗೆತ್ತಿಕೊಳ್ಳುವುದು, ಕೆಳಗಿಡುವುದು. ಯಾವ ದನಿಯಲ್ಲಿ ಹಲೋ ಎನ್ನುವುದು?

ಟೇಕಿಗೆಂದು ಕೋಣೆಯ ದೀಪ ಆರಿತು. ದನಿಯಕ್ಕ ಗಂಟಲು ಸರಿಮಾಡಿಕೊಂಡು, "ನೀನು ಬಂದೇ ಬರ್ತೀಯ ಅಂತ ಗೊತ್ತಿತ್ತು," ಎಂದಳು.

"ಇದು ಆ ನರ್ಸ್ ಪಾತ್ರದ್ದು," ಎಂದ ಎಂಜಿನಿಯರ್.

ಕಿಲಕಿಲ ನಕ್ಕು ನೋಡಿದಳು.

"ಸಾಹುಕಾರರ ಮಗಳು."

ಬಿಕ್ಕಿದಳು.

"ಹೊಳೆಗೆ ಹಾರಿದವಳು."

"ಹಾರೋಕೆ ಮುಂಚೆಯೋ, ಆಮೇಲೋ?"

"ಮುಂಚೆ. ಎಲ್ಲರೂ ಬಂದ್ರಕ್ಕ, ಗಿಣಿ ಒಂದು ಬರ್ಲಿಲ್ಲ."

ಸದ್ದಿಲ್ಲದ ಚಿತ್ರ ಮತ್ತೆ ಮತ್ತೆ ಓಡಿತು. ಬಾಗಿಲು ತೆರೆಯುತ್ತದೆ, ಒಬ್ಬಳು ಒಳಗೆ ಬರುತ್ತಾಳೆ, ಹಸಿರು ಕತ್ತು ಓರೆಯಾಗುತ್ತದೆ. ಕತ್ತಲಲ್ಲಿ ಆ ಹಸಿರು ಮೆಲ್ಲಗೆ ಹರಡಿ ಅವಳ ಕೈಮೇಲೆ, ಮೈಕಿನ ಮೇಲೆ, ಗೋಡೆಯ ಮೇಲೆ ಬಂದು ಕೂತಿತು. ಎಷ್ಟನೆಯ ಸಲವೋ ಪಂಜರದ ಕಂಬಿಗಳು ಕಾಣದಾದವು. ತಾನೇ ಯಾವುದೋ ಕಾಲದಿಂದ ಅಡ್ಡಕಡ್ಡಿಯ ಮೇಲೆ ಕೂತು ಆ ಬಾಗಿಲನ್ನೇ ನೋಡುತ್ತಿದ್ದೇನೆ ಅನ್ನಿಸಿತು. ಬಾಗಿಲು ತೆರೆಯಿತು. ಬಂದವಳ ಭುಜದಿಂದ ಚೀಲ ಜಾರಿತು. ಒಂದು ಚಪ್ಪಲಿ ಅಲ್ಲಿ, ಒಂದು ಇಲ್ಲಿ. ಸ್ಕೂಲಿನಿಂದ ಮಗಳು ಬರುತ್ತಿದ್ದದ್ದೂ ಹೀಗೇ.

"ಬಂದ್ಯಾ? ಕೈಕಾಲು ತೊಳ್ಕೊಂಡ್ಯಾ?"

ದೀಪ ಹತ್ತಿತು. ಗಾಜಿನ ಆಚೆ ಎಂಜಿನಿಯರ್ ಹೆಡ್‌ಫೋನ್ ತೆಗೆದು ಕೈಯಲ್ಲಿ ಹಿಡಿದುಕೊಂಡಿದ್ದ.

"ಇದು ಯಾರ್ದಕ್ಕ? ಇಷ್ಟು ವರ್ಷದಲ್ಲಿ ನಾನು ಕೇಳೇ ಇಲ್ಲ."

ಕೊಂಚ ಒರಟು ದನಿ, ಕೊನೆಯಲ್ಲಿ ಗದರುವ ಹಾಗೆ ಏರುವಂಥದ್ದು. ಯಾವ ನಿರ್ಮಾಪಕನೂ ಇದನ್ನು ಒಪ್ಪುತ್ತಿರಲಿಲ್ಲ. ದನಿಯಕ್ಕನಿಗೆ ಖುಷಿಯೂ ಆಯಿತು, ಎಲ್ಲಿ ಮತ್ತೆ ಕೈತಪ್ಪೀತೋ ಎಂದು ಭಯವೂ ಆಯಿತು.

"ಇನ್ನೊಂದು ಟೇಕ್ ತಗೊಳ್ಳೋಣ್ವಾ?"

ಅವಳು ಬೇಡವೆಂದು ತಲೆಯಾಡಿಸಿದಳು. ಬಾಯಿ ಬಿಟ್ಟಾಗ ಆ ಹಳೆಯ ಪಾತ್ರಗಳಲ್ಲಿ ಯಾರಾದರೂ ಬಂದುಬಿಟ್ಟರೆ? ಗಾಜಿನ ಆಚೆಗೆ ಹೋಗಿ, ಫೋನಿನಲ್ಲಿ ಮಗಳ ನಂಬರ್ ಒತ್ತಿ, ಸ್ಪೀಕರಿನ ಹತ್ತಿರ ಹಿಡಿದು, ಈಗ ಹೇಳಿದ್ದನ್ನು ಹಾಕು ಎಂದು ಎಂಜಿನಿಯರ್‌ಗೆ ಕೈಸನ್ನೆ ಮಾಡಿದಳು. ಮಗಳು ಹಲೋ ಎನ್ನುವುದಕ್ಕೂ ತೆರೆಯ ಮೇಲೆ ಗಿಣಿ ಕೊಕ್ಕು ತೆರೆಯುವುದಕ್ಕೂ ಸರಿಹೋಯಿತು.

"ಬಂದ್ಯಾ? ಕೈಕಾಲು ತೊಳ್ಕೊಂಡ್ಯಾ?" ಎಂದಿತು ಸ್ಪೀಕರಿನಿಂದ ಅದೇ ಒರಟು ದನಿ.

"ಇನ್ನೂ ಇಲ್ಲಮ್ಮ," ಎಂದಳು ಮಗಳು. "ಈಗ್ತಾನೆ ಬಂದೆ."