ಜೀಪು ಬಂದ ಹೊತ್ತು

ಕಪ್ಪು-ಬಿಳುಪು ಸಿನಿಮಾಗಳ ಕಾಲದಲ್ಲಿ ಒಬ್ಬ ನಟನಿಗೆ ಸಿಕ್ಕಿದ್ದೆಲ್ಲ ಒಂದೇ ಪಾತ್ರ: ಹೀರೋ ಖಳನಾಯಕನನ್ನು ಹೊಡೆದು ಹಣ್ಣುಗಾಯಿ ನೀರುಗಾಯಿ ಮಾಡಿದ ಮೇಲೆ, ಜೀಪಿನಿಂದ ಇಳಿದು ಬೇಡಿ ತೊಡಿಸುವ ಇನ್‌ಸ್ಪೆಕ್ಟರ್.

ಈಗ ಮುದುಕನಾದ ಆ ನಟನ ಮನೆಗೆ ಹಾಡಹಗಲೇ ಕಳ್ಳ ನುಗ್ಗಿದ. ಮುದುಕ ಪಕ್ಕದ ಮನೆಗೆ ಓಡಿ ಠಾಣೆಗೆ ಫೋನ್ ಮಾಡಿದ್ದೂ ಆಯಿತು. ಬೀದಿಯ ಜನರೇ ಕಳ್ಳನನ್ನು ಹಿಡಿದು, ಬಡಿದು, ಲೈಟ್ ಕಂಬಕ್ಕೆ ಕಟ್ಟಿಹಾಕಿದ ಮೇಲೆ ಜೀಪು ಬಂತು.

ಮುದುಕನ ಪಿತ್ತ ನೆತ್ತಿಗೇರಿತು. "ಥೂ, ನಾಚಿಕೆ ಆಗಲ್ವೇನ್ರೀ? ನನ್ನ ಮನೆ ದೋಚೋವಾಗ ಎಲ್ಲಿ ಸತ್ತಿದ್ರಿ? ಎಲ್ಲ ಮುಗಿದ ಮೇಲೆ ಬಂದು ಬೇಡಿ ಹಾಕೋಕೆ ಪೊಲೀಸರೇ ಬೇಕಾ? ಆ ಟೋಪಿ ಬಿಚ್ಚಿಟ್ಟು ಮನೆಗೆ ಹೋಗ್ರಿ!"

ಬಂದಿದ್ದ ಇನ್‌ಸ್ಪೆಕ್ಟರ್ ಮುದುಕನ ಮುಖವನ್ನೇ ನೋಡಿ ಗುರುತು ಹಿಡಿದ. ಟೋಪಿ ತೆಗೆದು ಕಾಲಿಗೆ ಬಿದ್ದ.

"ನಾನು ಪೊಲೀಸ್ ಸೇರಿದ್ದೇ ನಿಮ್ಮ ಸಿನಿಮಾ ನೋಡಿ, ಸಾರ್!"