ಮರಿಮೀನು ಹೋದ ದಾರಿ

ನಮ್ಮ ಜಗುಲಿಯ ಗಾಜಿನ ತೊಟ್ಟಿಯಲ್ಲಿ ಹುಟ್ಟಿದ ಮರಿಮೀನುಗಳು ತಾಯಿಯನ್ನೂ ಕರೆದುಕೊಂಡು ಓವರ್‌ಫ್ಲೋ ಪೈಪಿನಲ್ಲಿ ನುಗ್ಗಿ, ಹಿತ್ತಲ ಕಾಲುವೆ ಹಿಡಿದು, ಹೊಂಗಡಹಳ್ಳ ದಾಟಿ, ಬಿಸಿಲೆ ಘಾಟಿ ಇಳಿದು, ಕುಮಾರಧಾರೆಯಲ್ಲಿ ಒಂದು ಮುಳುಗು ಹಾಕಿ, ಮಧ್ಯಾಹ್ನದ ಊಟದ ಹೊತ್ತಿಗೆ ಮಂಗಳೂರಿನ ಸಮುದ್ರ ಸೇರಿದವು. ಅಲ್ಲೊಂದು ತಿಮಿಂಗಿಲ ಪಕ್ಕಕ್ಕೆ ಸರಿದು ದಾರಿ ಬಿಟ್ಟಿತಂತೆ. ನನ್ನ ಹೆಂಡತಿ ಜಗದಾಂಬಳಿಗೆ ಇದನ್ನು ನಾನು ಕಣ್ಣಾರೆ ಕಂಡವನ ಹಾಗೆ ಹೇಳಿದೆ.

ಅವಳು ಹಾಸನದ ಆಸ್ಪತ್ರೆಯಲ್ಲಿ ಪಿತ್ತಕೋಶದ ಕಲ್ಲು ತೆಗೆಸಿಕೊಂಡು ಆಗಷ್ಟೇ ಬಂದಿದ್ದಳು. ಆ ಕಲ್ಲನ್ನು ಹೊರಲು ನಾಲ್ಕು ಆಳು ಬೇಕಾಯಿತೆಂದು ಎಸ್ಟೇಟಿನ ಆಳುಗಳ ಲೈನ್ ಮನೆಗಳಿಗೆಲ್ಲ ಹೇಳಿ ಬಂದವನೂ ನಾನೇ. ಜೀಪಿನಿಂದ ಇಳಿದವಳು ಒಳಗೆ ಹೋಗಲಿಲ್ಲ, ಮಲಗಲಿಲ್ಲ. ಹೊಟ್ಟೆಯ ಹೊಲಿಗೆಯನ್ನು ಒಂದು ಕೈಯಲ್ಲಿ ಒತ್ತಿಕೊಂಡು ನೇರ ತೊಟ್ಟಿಯ ಮುಂದೆ ಹೋಗಿ ನಿಂತಳು. ತೊಟ್ಟಿಯಲ್ಲಿ ತಿಳಿನೀರಿತ್ತು, ಬೆಣಚುಕಲ್ಲಿತ್ತು. ಮೀನಿರಲಿಲ್ಲ.

ಅಂಥ ತೊಟ್ಟಿ ಹಾಸನ ಜಿಲ್ಲೆಯಲ್ಲೇ ಇನ್ನೊಂದಿಲ್ಲ. ಮೋಟಾರು ಬೇಡ, ಕರೆಂಟು ಬೇಡ; ಗುಡ್ಡದ ಒರತೆಯ ನೀರು ಕರಿ ಪೈಪಿನಲ್ಲಿ ಬಂದು ಬೀಳುತ್ತಲೇ ಇರುತ್ತದೆ, ಹೆಚ್ಚಾದದ್ದು ಓವರ್‌ಫ್ಲೋದಲ್ಲಿ ಹಿತ್ತಲಿಗೆ ಹೋಗುತ್ತದೆ. ಹೋಗುವಾಗ ಸಣ್ಣ ಮರಿಗಳನ್ನೂ ಎಳೆದುಕೊಂಡು ಹೋಗುತ್ತದೆ, ಅದೊಂದೇ ಕುಂದು. ಜಗದಾಂಬಳ ಕಪ್ಪು ಮೋಲಿ ಮೀನು, ಮೊಟ್ಟೆಯಿಡದೆ ಮರಿಯನ್ನೇ ಹಾಕುವ ಜಾತಿಯದು, ಎರಡು ಸಲ ಮರಿ ಹಾಕಿದ್ದರೂ ಅವಳು ನೋಡಿದ್ದು ಕಾಲುವೆಯ ಕೆಸರಿಗೆ ಅಂಟಿದ್ದವನ್ನು ಮಾತ್ರ. ಆಪರೇಷನ್‌ಗೆ ಹೊರಟಾಗ ಮೀನಿನ ಹೊಟ್ಟೆ ಮತ್ತೆ ಉಬ್ಬಿತ್ತು. ತಾನು ಬರುವವರೆಗೆ ಮರಿಗಳನ್ನು ಉಳಿಸಿಕೊಡಿ ಎಂದಷ್ಟೇ ಕೇಳಿದ್ದಳು. ಒಂದು ಮರಿ ಪೈಪಿಗೆ ಹೋದರೆ ಮೀಸೆ ಬೋಳಿಸುತ್ತೇನೆ ಎಂದಿದ್ದೆ. ಮರಿ ಹಾಕಿದ ದಿನ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ ಹೇಳಿದ್ದೆ; ಅವಳು ವಾರ್ಡಿನವರಿಗೆಲ್ಲ ಹೇಳಿಕೊಂಡು ಸಂತೋಷಪಟ್ಟಿದ್ದಳಂತೆ.

ಹೀಗಿರುವಾಗ ನಾನು ತಿಮಿಂಗಿಲವನ್ನು ಕರೆಯದೆ ಇನ್ನೇನು ಮಾಡಲಿ? ಜೀಪು ತಂದಿದ್ದ ಚಲುವಯ್ಯನೂ ಕೈಜೋಡಿಸಿದ. ಘಾಟಿಯ ತಿರುವಿನಲ್ಲಿ ಒಂದಷ್ಟು ಮರಿಮೀನು ಸಾಲಾಗಿ ನಿಂತು ತನ್ನ ಜೀಪಿಗೆ ಕೈ ಅಡ್ಡ ಹಾಕಿದವೆಂದೂ, ಸೀಟಿಲ್ಲವೆಂದು ತಾನೇ ಬಿಟ್ಟು ಬಂದೆನೆಂದೂ ಹೇಳಿದ.

"ನಗಿಸ್ಬ್ಯಾಡಿ ಕಣ್ರೀ, ಹೊಲಿಗೆ ಕಿತ್ಕಂಡ್ ಬರ್ತೈತೆ" ಎಂದು ಅವಳು ಹೊಟ್ಟೆ ಹಿಡಿದುಕೊಂಡಳು. ನಕ್ಕು ಕಣ್ಣು ಒರೆಸಿಕೊಂಡಳು. ಗೆದ್ದೆ ಅಂದುಕೊಂಡೆ. ಆಮೇಲೆ ಮೆಲ್ಲಗೆ ಅಂದಳು: "ಹೋಗ್ಲಿ ಬಿಡಿ. ನೀರಿನ ಜೊತೆ ತಾನೆ ಹೋಗಿರೋದು. ಎಲ್ಲೋ ಒಂದ್ಕಡೆ ಬದ್ಕಿರ್ತವೆ."

ಅಷ್ಟಕ್ಕೇ ಬಿಟ್ಟಿದ್ದರೆ ನಾನು ಉಳಿಯುತ್ತಿದ್ದೆ. ಮುಂದಿನ ಸಲಕ್ಕೆ ಏನಾದರೂ ಅಡ್ಡ ಕಟ್ಟಬೇಕು ಎನ್ನುತ್ತ ಅವಳು ನೀರಿಗೆ ಕೈ ಹಾಕಿ ಓವರ್‌ಫ್ಲೋದ ಬಾಯಿ ತಡಕಿದಳು. ಕೈ ಅಲ್ಲೇ ನಿಂತಿತು. ತಂತಿ ಬಿಚ್ಚಿ ಎಳೆದಳು. ಜರಡಿ ಹೊರಗೆ ಬಂತು. ರವೆಯೂ ದಾಟದಷ್ಟು ಸಣ್ಣ ಕಣ್ಣಿನ ಜರಡಿ. ಚಲುವಯ್ಯನಿಗೆ ಆಲೂರಿನಲ್ಲಿ ಏನೋ ಕೆಲಸ ನೆನಪಾಗಿ ಜೀಪು ಸ್ಟಾರ್ಟ್ ಮಾಡಿದ.

"ಇದ್ನ ದಾಟ್ಕಂಡ್ ಮಂಗ್ಳೂರಿಗೆ ಹೋದ್ವಾ?"

ಅವಳು ಜರಡಿಯ ಮಡಿಕೆಯನ್ನು ಉಗುರಿನಿಂದ ಕೆರೆದಳು. ಉಗುರಿನಲ್ಲಿ ನೀಲಿ ನಿಂತಿತು. ಕಾಫಿ ಬೆಳೆಯುವವರಿಗೆ ಆ ನೀಲಿಯನ್ನು ಯಾರೂ ಹೇಳಿಕೊಡಬೇಕಿಲ್ಲ. ಮಳೆ ಹಿಡಿಯುವ ಮುಂಚೆ ಗಿಡಕ್ಕೆ ಕೊಳೆರೋಗ ಬಾರದಿರಲೆಂದು ಹೊಡೆಯುವ ಬೋರ್ಡೋ ದ್ರಾವಣದ ಮೈಲುತುತ್ತ ಅದು. ಆ ದ್ರಾವಣ ಸೋಸುವ ಜರಡಿಗಿಂತ ಸಣ್ಣ ಕಣ್ಣಿನದು ನಮ್ಮ ಮನೆಯಲ್ಲಿ ಬೇರೆ ಇರಲಿಲ್ಲ.

ಏಳು ಸಲ ತೊಳೆದಿದ್ದೆ ಎಂದೆ. ಅವಳು ನನ್ನ ಮುಖ ನೋಡಿದಳು. ಒಂದು ಸಲ ಎಂದೆ.

ಮಿಕ್ಕಿದ್ದನ್ನೂ ಹೇಳಿದೆ. ಜರಡಿ ಕಟ್ಟಿದ್ದು ಸಾಲದೆಂದು, ಇನ್ನಷ್ಟು ಭದ್ರವಾಗಲೆಂದು, ಒರತೆಯ ನೀರನ್ನೂ ನಿಲ್ಲಿಸಿ ತೋಟದ ಕೆಲಸಕ್ಕೆ ಹೋಗಿದ್ದೆ. ನಿಂತ ನೀರಿಗೆ ಜರಡಿಯ ಮೈಲುತುತ್ತದ ವಿಷ ಬಿಟ್ಟುಕೊಂಡಿತು. ಸಂಜೆ ಬಂದಾಗ ತಾಯಿಯೂ ಮರಿಗಳೂ ತೇಲುತ್ತಿದ್ದವು. ತೊಟ್ಟಿ ತೊಳೆದು ಹೊಸ ನೀರು ಬಿಟ್ಟೆ. ಜರಡಿಯ ಕಡೆ ಮಾತ್ರ ಕಣ್ಣು ಹಾಯಿಸಲಿಲ್ಲ. ಹಾಯಿಸಿದ್ದರೆ ಯಾಕೆ ಸತ್ತವೆಂದು ಒಪ್ಪಿಕೊಳ್ಳಬೇಕಾಗುತ್ತಿತ್ತು.

"ಓವರ್‌ಫ್ಲೋಗೆ ಒಂದೂ ಹೋಗ್ಲಿಲ್ಲ ಕಣೇ" ಎಂದೆ. "ಒಂದೂ."

ಅವಳು ಬಯ್ಯಲಿಲ್ಲ. ಜರಡಿಯನ್ನು ಜಗುಲಿಯ ಕಟ್ಟೆಯ ಮೇಲಿಟ್ಟು, ಕೈಯನ್ನು ಸೆರಗಿಗೆ ಒರೆಸಿಕೊಂಡು ಕೇಳಿದಳು: "ನಾನಂತೂ ನೋಡ್ಲಿಲ್ಲ. ಎಷ್ಟಿದ್ವು?"

"ನಾಲ್ಕೋ ಐದೋ" ಎಂದೆ.

ಇದ್ದದ್ದಕ್ಕಿಂತ ಕಡಿಮೆ ಹೇಳಿದ್ದು ನನ್ನ ಬಾಳಿನಲ್ಲಿ ಅದೇ ಮೊದಲು. ಸತ್ತ ಮರಿಗಳನ್ನು ಸೋಸಿ ಕಾಫಿ ಗಿಡದ ಬುಡಕ್ಕೆ ಹಾಕುವಾಗ ಅವು ತುಂಬಿ ನನ್ನ ಅಂಗೈ ಪೂರಾ ಕಪ್ಪಾಗಿತ್ತು.